ಬಿಸ್ಲು ನಮಗೇನ್ ಹೊಸ್ದಾ?

ಇವತ್ತು ಹೊಳಲು ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಭೂಮಿ ಬಿಸಿಯಾಗೋ ಮಾತು ಬಂತು. ಹಿರೇರೊಬ್ಬರು ಅಂದ್ರು: "ಏ ತಮ್ಮಾ, ಬಳ್ಳಾರಿ ಸೀಮಿ ಬಿಸ್ಲು ನಮಗೇನ್ ಹೊಸ್ದಾ? ಬರಗಾಲ ನಮ್ಮಪ್ಪನ ಕಾಲ್ದಾಗೂ ಇತ್ತು. ಇದೆಲ್ಲಾ ಟಿವಿಯವರ ಕಥಿ."

ಐದು ನಿಮಿಷಕ್ಕ ಅವರೇ ಮುಂದುವರಿಸಿದ್ರು: "ರೋಹಿಣಿ ಮಳಿ ನಂಬಿ ಬಿತ್ತೋ ಕಾಲ ಹೋತು. ಮೆಕ್ಕೆಜೋಳ ಒಣಗೋವಾಗ ಬರಲ್ಲ, ತೆನಿ ಮುರಿಯೋವಾಗ ಸುರೀತೈತಿ."

ಅವರು ಹೇಳಿದ್ದರಲ್ಲಿ ಸತ್ಯ ಐತಿ. ಬರ ಮೊದಲೂ ಇತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆದ್ವು. ಮರುವರ್ಷವೇ ತುಂಗಭದ್ರಾ ಡ್ಯಾಂ ತುಂಬಿತು. ಇಂಥ ಒಂದೆರಡು ವರ್ಷ ಹಿಡ್ಕೊಂಡು ಏನೂ ಸಾಬೀತು ಮಾಡಕ್ಕಾಗಲ್ಲ. ಅದಕ್ಕೇ ವಿಜ್ಞಾನಿಗಳು ಇಡೀ ಭೂಮಿಯ ಸರಾಸರಿ ಉಷ್ಣಾಂಶವನ್ನ ದಶಕಗಟ್ಟಲೆ ಅಳೀತಾರೆ. ಅದು ದಶಕಗಳಿಂದ ಏರ್ತಾ ಬಂದು, 2024ರಲ್ಲಿ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಇತ್ತು. ಕಲ್ಲಿದ್ದಲು ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಅನ್ನೋ ಲೆಕ್ಕವನ್ನ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಹಾಕಿದ್ದ. ಟಿವಿ ಆಗ ಎಲ್ಲಿತ್ತು?

ನನಗನ್ಸಿದ್ದು ಇಷ್ಟು: ರೈತರ ಅನುಮಾನಕ್ಕೆ ದಡ್ಡತನ ಕಾರಣ ಅಲ್ಲ. ನಾವು ಅವರಿಗೆ ಹಿಮಕರಡಿ, ಧ್ರುವದ ಮಂಜುಗಡ್ಡೆ ತೋರಿಸಿದ್ವಿ. ಹಡಗಲಿ ಮಲ್ಲಿಗೆ ತೋಟದ ಬದುವಿನ ಮೇಲೆ ಕೂತು, ಅವರ ಮಳೆ ನಕ್ಷತ್ರದ ಲೆಕ್ಕದಾಗ ಮಾತಾಡ್ಲೇ ಇಲ್ಲ. ಅದು ನಮ್ಮ ತಪ್ಪು.

ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯವರೇ, ನಿಮ್ಮನೆ ಹಿರೇರನ್ನ ಕೇಳಿ: ಮೊದಲು ಯಾವ ಮಳೀಗೆ ಬಿತ್ತುತಿದ್ರು, ಈಗ ಯಾವುದಕ್ಕೆ? ಇಲ್ಲಿ ಬರೀರಿ.