ನಂಬದ ದೇವರಿಗೆ ಒಂದು ಪ್ರಾರ್ಥನೆ

ನಿನ್ನ ದೇವಭಕ್ತಿ ಯಾವಾಗ ಹೋಯಿತೆಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಜಂಬದಿಂದಲೇ ಉತ್ತರ ಹೇಳುತ್ತಿದ್ದೆ. ಕಾಲೇಜಿನ ಎರಡನೆಯ ವರ್ಷದಲ್ಲಿ ಸಂಧ್ಯಾವಂದನೆ ಬಿಟ್ಟೆ. ಕಾರಣವಾಗಿ ನಾಲ್ಕಾರು ದಪ್ಪ ಪುಸ್ತಕಗಳನ್ನು ಹೆಸರಿಸುತ್ತಿದ್ದೆನಾದರೂ ನಿಜವಾದ ಕಾರಣ ಬೆಳಗಿನ ತಣ್ಣೀರೇ ಇರಬೇಕು. ತಂದೆಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಎಂದಿನಂತೆ ಊಟಕ್ಕೆ ಕರೆದರು. ಇಷ್ಟು ಅಗ್ಗವಾಗಿ ಹೋದದ್ದನ್ನು ನಷ್ಟವೆನ್ನಬಹುದೇ ಎಂಬ ಅನುಮಾನ ಹುಟ್ಟಿದ್ದು ಎಲಿ ವೀಸೆಲ್ಲರ ‘ರಾತ್ರಿ’ಯನ್ನು ಓದಿದ ಮೇಲೆ.

1956ರಲ್ಲಿ ಯಿಡ್ಡಿಷ್ ಭಾಷೆಯಲ್ಲಿ ಬಂದ ದೊಡ್ಡ ಗ್ರಂಥವನ್ನು ಬಹಳ ಇಳಿಸಿ 1958ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಪುಸ್ತಕ ಅದು. ನಾನು ಓದಿದ್ದು ಇಂಗ್ಲಿಷಿನಲ್ಲಿ. ಒಂದೇ ಸಲ ಕುಳಿತು ಮುಗಿಸಬಹುದಾದಷ್ಟು ಚಿಕ್ಕದು. ನನಗೆ ಮಾತ್ರ ನಾಲ್ಕು ದಿನ ಹಿಡಿಯಿತು.

ಸಿಗೆಟ್ ಎಂಬ ಊರಿನ ಯೆಹೂದಿ ಹುಡುಗ. ಆ ಊರು ಇಂದು ರುಮೇನಿಯಾದಲ್ಲಿದೆ, ಆಗ ಹಂಗರಿಯ ಕೈಯಲ್ಲಿತ್ತು. ಹಗಲೆಲ್ಲ ಧರ್ಮಗ್ರಂಥದ ಅಧ್ಯಯನ, ರಾತ್ರಿ ಪ್ರಾರ್ಥನಾಮಂದಿರದಲ್ಲಿ ಕಣ್ಣೀರು. 1944ರ ಮೇ ತಿಂಗಳಲ್ಲಿ ನಾಟ್ಸಿಗಳು ಊರಿನ ಯೆಹೂದ್ಯರನ್ನು ರೈಲಿಗೆ ತುಂಬಿ ಆಷ್ವಿಟ್ಸ್‌ಗೆ ಸಾಗಿಸಿದರು. ಹುಡುಗನಿಗೆ ಹದಿನೈದು ವರ್ಷ. ಇಳಿದ ರಾತ್ರಿಯೇ ತಾಯಿಯೂ ಪುಟ್ಟ ತಂಗಿಯೂ ಬೇರೆ ಸಾಲಿಗೆ ಹೋದರು, ಮತ್ತೆ ಕಾಣಲಿಲ್ಲ. ಉಳಿದವನು ತಂದೆ.

ಪ್ರಾಯಶ್ಚಿತ್ತದ ಉಪವಾಸದ ದಿನ ಹುಡುಗ ಗಂಜಿ ಕುಡಿಯುತ್ತಾನೆ. ಉಪವಾಸ ಬೇಡವೆಂದು ತಂದೆಯೂ ಹೇಳಿದ್ದನು. ಆದರೆ ಹುಡುಗನಿಗೆ ಒಂದೊಂದು ಗುಟುಕೂ ದೇವರ ಮೇಲಿನ ಪ್ರತಿಭಟನೆ. ಇಲ್ಲದವನ ಮೇಲೆ ಯಾರಾದರೂ ಹೀಗೆ ಮುನಿಯುತ್ತಾರೆಯೇ? ನನಗೆ ಎಂದೂ ಅಂಥ ಮುನಿಸು ಬಂದದ್ದಿಲ್ಲ; ಮುನಿಯುವಷ್ಟು ನೆಂಟಸ್ತಿಕೆಯೇ ಇರಲಿಲ್ಲವೋ ಏನೋ.

ಶಿಬಿರದಲ್ಲಿ ಒಬ್ಬ ಬಾಲಕನನ್ನು ಗಲ್ಲಿಗೇರಿಸುವ ಪ್ರಸಂಗವನ್ನೇ ಈ ಪುಸ್ತಕದ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ ಪುಟ ಬೇರೆ. 1945ರ ಜನವರಿ. ರಷ್ಯದ ಸೈನ್ಯ ಸಮೀಪಿಸುತ್ತಿದೆಯೆಂದು ಕೈದಿಗಳನ್ನು ಹಿಮದಲ್ಲಿ ಓಡಿಸಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಮುದುಕ ಪುರೋಹಿತನೊಬ್ಬ, ‘ನನ್ನ ಮಗನನ್ನು ಕಂಡಿರಾ?’ ಎಂದು ವಿಚಾರಿಸುತ್ತ ಬರುತ್ತಾನೆ. ಕಾಣಲಿಲ್ಲವೆಂದು ಹುಡುಗ ಹೇಳಿ ಕಳುಹಿಸಿದ ಮೇಲೆ ನೆನಪಾಗುತ್ತದೆ: ಮಗನನ್ನು ಕಂಡಿದ್ದೆ, ತಂದೆ ಹಿಂದೆ ಬಿದ್ದದ್ದನ್ನು ನೋಡಿಯೂ ಅವನು ಮುಂದಕ್ಕೆ ಓಡುತ್ತಲೇ ಇದ್ದ. ಆಗ ಹುಡುಗ, ತಾನು ಇನ್ನು ನಂಬದ ದೇವರಿಗೇ ಪ್ರಾರ್ಥನೆ ಸಲ್ಲಿಸುತ್ತಾನೆ: ಆ ಮಗ ಮಾಡಿದ್ದನ್ನು ನಾನು ಮಾಡದಂತೆ ಬಲ ಕೊಡು ಎಂದು.

ಕೆಲವೇ ದಿನಗಳಲ್ಲಿ, ಬುಖೆನ್‌ವಾಲ್ಡ್ ಶಿಬಿರದಲ್ಲಿ, ತಂದೆ ಆಮಶಂಕೆಯಿಂದ ಮಲಗಿದ. ನೀರಿಗಾಗಿ ಕೂಗಿಕೊಂಡ, ಅಧಿಕಾರಿಯೊಬ್ಬ ತಲೆಗೆ ಹೊಡೆದ. ಏಟಿನ ಭಯದಿಂದ ಮಗ ಅಲುಗಲಿಲ್ಲ. ಬೆಳಗಾಗುವಷ್ಟರಲ್ಲಿ ಆ ಜಾಗದಲ್ಲಿ ಬೇರೊಬ್ಬ ರೋಗಿ ಮಲಗಿದ್ದ. ಕಣ್ಣೀರು ಬರಲಿಲ್ಲ, ಮನಸ್ಸಿನ ತಳವನ್ನು ಕೆದಕಿದ್ದರೆ ಹಗುರವಾಯಿತೆಂಬ ಭಾವವೇ ಸಿಗುತ್ತಿತ್ತೇನೋ ಎಂದು ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ದೇವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹುಡುಗ ಪಕ್ಕದಲ್ಲಿ ತಾನೂ ಬಂದು ನಿಂತ. ಆ ಏಪ್ರಿಲ್ 11ರಂದು ಶಿಬಿರ ಬಿಡುಗಡೆಯಾಯಿತು. ಯುದ್ಧ ಮುಗಿದ ಮೇಲೆ ವೀಸೆಲ್ ಪ್ಯಾರಿಸಿನಲ್ಲಿ ಮತ್ತೆ ಅದೇ ಧರ್ಮಗ್ರಂಥಗಳ ಮುಂದೆ ಕುಳಿತರು. 2016ರಲ್ಲಿ ತೀರಿಕೊಳ್ಳುವವರೆಗೂ ದೇವರೊಡನೆ ಅವರ ಜಗಳ ಮುಗಿದಂತೆ ಕಾಣದು.

ನನ್ನದನ್ನು ಇದರ ಪಕ್ಕದಲ್ಲಿಡುವುದು ತಪ್ಪು. ಆದರೂ ಆ ಪುಟ ಓದಿದಾಗ ನೆನಪಾದದ್ದನ್ನು ಹೇಳಿಬಿಡುತ್ತೇನೆ. ತಂದೆಯವರ ಕೊನೆಯ ಕಾಯಿಲೆಯಲ್ಲಿ ಒಂದು ರಾತ್ರಿ ಪಕ್ಕದ ಕೋಣೆಯಿಂದ ನನ್ನ ಹೆಸರು ಹಿಡಿದು ಎರಡು ಸಲ ಕರೆದರು. ನನಗೆ ಎಚ್ಚರವಿತ್ತು. ಹೊಡೆಯುವವರು ಯಾರೂ ಇರಲಿಲ್ಲ. ಚಳಿ ಇತ್ತು, ಅಷ್ಟೆ. ಕಂಬಳಿ ಎಳೆದುಕೊಂಡೆ. ಅಮ್ಮ ಎದ್ದು ಹೋಗಿ ನೀರು ಕೊಟ್ಟ ಸದ್ದು ಕೇಳಿಸಿತು.

ಬೆಳಿಗ್ಗೆ ಅವರು, ‘ನಿದ್ದೆ ಚೆನ್ನಾಗಿ ಬಂತೇನೋ?’ ಎಂದು ಕೇಳಿದರು.

‘ಬಂತು’ ಎಂದೆ.