ಚಿತ್ತಾರದ ಎಳೆ, ಪೇಪರಿನಲ್ಲಿ ಬಾರದ ಹೆಸರು

ಗೆರೆ, ಆಕಾರ, ಬಣ್ಣ, ಮೇಲ್ಮೈ, ಖಾಲಿ ಜಾಗ. ಚಿತ್ರಕ್ಕೆ ಇವೇ ಮೂಲ ಅಂತ ಡಿಪ್ಲೊಮಾದಲ್ಲಿ ಪುಟ ವಿನ್ಯಾಸದ ಪಾಠಕ್ಕೆ ನಾವು ಬಾಯಿಪಾಠ ಮಾಡಿದ್ದೆವು. ಐದು ಮಾರ್ಕಿನ ಪ್ರಶ್ನೆ. ಬರೆದೆವು, ಪಾಸಾದೆವು, ಮರೆತೆವು.

ಮತ್ತೆ ನೆನಪಾಗಿದ್ದು ಸಾಗರದ ಕಡೆಯ ಹಳ್ಳಿಯೊಂದರಲ್ಲಿ. ಭೂಮಿ ಹುಣ್ಣಿಮೆಗೆ ಎರಡು ದಿನ ಬಾಕಿ. ದೀವರ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಅದು. ಮದುವೆ ಬಂದರೆ ಇದೇ ಕೈ ಹಸೆಗೋಡೆ ಬರೆಯುತ್ತದೆ.

ಬುಟ್ಟಿಗೆ ಮೊದಲು ಕೆಮ್ಮಣ್ಣು ಬಳಿದಿದ್ದರು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರ್ರಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಅಂದರೆ ಪುಂಡಿ ನಾರಿನ ತುಂಡು, ಅಷ್ಟೇ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಎಳೆಯ ಪಕ್ಕ ಎಳೆ, ನಡುವೆ ಕೂದಲೆಳೆಯಷ್ಟು ಜಾಗ. ಎಳೆಯುವಾಗ ಅವರು ಉಸಿರು ಬಿಗಿ ಹಿಡಿಯುತ್ತಿದ್ದರು. ನೋಡುತ್ತಿದ್ದ ನಾವೂ ಹಿಡಿದೆವು.

ಒಂದು ಕಡೆ ಬರೀ ಕೆಂಪು ಉಳಿದಿತ್ತು.

"ಅಜ್ಜಿ, ಇಲ್ಲಿ ಯಾಕೆ ಖಾಲಿ ಬಿಟ್ರಿ?"

"ಎಲ್ಲಾ ತುಂಬಿದ್ರೆ ಎಳೆ ಕಾಣೋದು ಹ್ಯಾಗೆ ತಮ್ಮಾ?"

ವರ್ಷವಿಡೀ ಮೇಷ್ಟ್ರು ಹೇಳಿದ್ದು ಅವತ್ತು ತಲೆಗೆ ಹೋಯಿತು. ಗೆರೆ ಉಬ್ಬಿದೆಯಾ ನೋಡೋಣ ಅಂತ ಬೆರಳಿಟ್ಟೆವು. ಇನ್ನೂ ಹಸಿ, ಕೆಟ್ಟೇ ಹೋಯಿತು. ಅಜ್ಜಿ ಬಯ್ಯಲಿಲ್ಲ. ಮೇಲೆ ಕೆಮ್ಮಣ್ಣು ಸವರಿ, ಒಣಗುವ ತನಕ ಎಲೆಯಡಿಕೆ ಹಾಕಿಕೊಂಡು, ಮತ್ತೆ ಎಳೆದರು. ನಮ್ಮ ಕೆಲಸದಲ್ಲಿ ತಪ್ಪಾದರೆ ಮಾರನೇ ದಿನ ಮೂಲೆಯಲ್ಲಿ ಒಂದು ವಿಷಾದ ಹಾಕುತ್ತಾರೆ. ಹಾಕಿದರೆ.

ಆಮೇಲಿನ ಕಥೆ ನಮ್ಮಂಥ ಬಿಡಿ ವರದಿಗಾರರಿಗೆ ಹೊಸದಲ್ಲ. ನಾಲ್ಕು ನೂರು ಪದ ಬರೆದೆವು, ಅವರ ಹೆಸರು ಮೊದಲ ಸಾಲಿನಲ್ಲೇ. ಬಂದದ್ದು ಬರೀ ಫೋಟೊ, ಒಳಪುಟದಲ್ಲಿ, ಕಪ್ಪುಬಿಳುಪು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಕೆಳಗೆ 'ಚಿತ್ತಾರ ಬಿಡಿಸುತ್ತಿರುವ ಗ್ರಾಮೀಣ ಮಹಿಳೆ.'

ಆದರೂ ಪೇಪರ್ ಒಯ್ದು ಕೊಟ್ಟೆವು. ಅಜ್ಜಿಗೆ ಓದು ಬಾರದು, ಮೊಮ್ಮಗಳು ಓದಿದಳು. ಬಣ್ಣದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

"ನನ್ನ ಹೆಸರು ಕೇಳಿ ಬರ್ಕೊಂಡು ಹೋದ್ಯಲ್ಲ, ಅದೆಲ್ಲಿ?"

ಡೆಸ್ಕು, ಜಾಗ, ಜಾಹೀರಾತು ಅಂತ ಏನೇನೋ ತೊದಲಿದೆವು. ಯಾರೋ ಪೇಪರ್ ನೋಡಿ ಬುಟ್ಟಿ ಬೇಕೆಂದು ಪೇಟೆಯಲ್ಲಿ ವಿಚಾರಿಸಿದ್ದರಂತೆ. ಯಾರ ಮನೆ ಅಂತ ತಿಳಿಯದೆ ವಾಪಸು ಹೋದರಂತೆ. ಮೊಮ್ಮಗಳೇ ಹೇಳಿದ್ದು.

ಈ ಬರಹಕ್ಕಾದರೂ ಹೆಸರು ಹಾಕುತ್ತೇವೆ ಅಂತ ಮೊನ್ನೆ ಕೇಳಲು ಹೋಗಿದ್ದೆವು. ಅಜ್ಜಿ ಬುಟ್ಟಿಯಿಂದ ತಲೆ ಎತ್ತಲಿಲ್ಲ.

"ಹಾಕೋದಿದ್ರೆ ಅವತ್ತೇ ಹಾಕ್ಬೇಕಿತ್ತು. ಈಗ ಬ್ಯಾಡ. ಕೂತ್ಕೊ, ಕಾಪಿ ಕುಡಿ. ಬೆರಳು ಮಾತ್ರ ದೂರ ಇಟ್ಕೊ."