ಕಪ್ಪುಕುಳಿಯ ಒಳಗೆ ಏನಿದೆ, ಹಜರತ್?

2019ರ ಎಪ್ರಿಲ್ ತಿಂಗಳು. ಕಪ್ಪುಕುಳಿಯ ಮೊದಲ ಚಿತ್ರವನ್ನು ವಿಜ್ಞಾನಿಗಳು ಬಿಡುಗಡೆ ಮಾಡಿದ ವಾರ. ನಿಮ್ಮ ಮೊಬೈಲಿಗೂ ಅದು ಬಂದಿರಬಹುದು. ಕತ್ತಲ ನಡುವೆ ಕಿತ್ತಳೆ ಬಣ್ಣದ ಒಂದು ಬಳೆ, ಬಳೆಯೊಳಗೆ ಮತ್ತಷ್ಟು ಕತ್ತಲು. ನನಗೆ ಬಂದದ್ದು ಚಿತ್ರ ಮಾತ್ರವಲ್ಲ, ಅದರೊಂದಿಗೆ ಗಂಭೀರ ದನಿಯ ಒಂದು ವೀಡಿಯೊ ಕೂಡ. ವಿಜ್ಞಾನಿಗಳು ಇಂದು ಕಂಡದ್ದನ್ನು ಪವಿತ್ರ ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಿದೆ ಎಂದು ಅದರಲ್ಲಿತ್ತು. ನನಗೆ ಬಹಳ ಸಂತೋಷವಾಯಿತು. ಹತ್ತಾರು ಜನರಿಗೆ ಕಳಿಸಿದೆ. ಮಗ್ರಿಬ್ ನಮಾಝಿನ ನಂತರ ಮಕ್ತಬ್‌ಗೆ ಬರುವ ಮಕ್ಕಳಿಗೂ ತೋರಿಸಿದೆ.

ಒಂಬತ್ತು ವರ್ಷದ ಒಬ್ಬ ಹುಡುಗ ಕೈ ಎತ್ತಿದ. "ಹಜರತ್, ಅದರೊಳಗ ಏನ್ ಐತ್ರಿ?"

ನನಗೆ ಗೊತ್ತಿರಲಿಲ್ಲ. ಆದರೆ ಮೂವತ್ತು ಮಕ್ಕಳ ಮುಂದೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಅದು ಜಹನ್ನಮಿನ ಬಾಗಲಾ ಇರಬೇಕು. ಒಳಗ ಬಿದ್ದಾವ್ರು ಮತ್ತ ಹೊರಗ ಬರಂಗಿಲ್ಲ" ಎಂದುಬಿಟ್ಟೆ. ಮಕ್ಕಳು ಗಪ್‌ಚಿಪ್ ಆದರು. ಪಾಠ ಚೆನ್ನಾಗಿ ತಲುಪಿತು ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಆ ಹುಡುಗನ ತಾಯಿ ಮಸೀದಿಯ ಗೇಟಿನ ಹೊರಗೆ ನಿಂತಿದ್ದರು. "ಹಜರತ್, ಇವಗ ಏನ್ ಹೇಳೀರಿ? ಎರಡ ರಾತ್ರಿ ಆತು, ಕಣ್ಣ ಮುಚ್ಚವಲ್ಲ. ಅಬ್ಬಾ ಅದರಾಗ ಬಿದ್ದಾನೇನು ಅಂತ ಕೇಳಾಕತ್ತಾನ." ಹಿಂದಿನ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಉರುಳಿ ಆ ಮಗುವಿನ ತಂದೆ ತೀರಿಕೊಂಡಿದ್ದರು. ಜನಾಝಾ ನಮಾಝಿನಲ್ಲಿ ನಾನೂ ಮುಂದಿನ ಸಾಲಿನಲ್ಲಿದ್ದೆ. ಅದು ನನಗೆ ನೆನಪಾಗಲೇ ಇಲ್ಲ ನೋಡಿ.

ಆ ತಾಯಿ ಜಗಳ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು.

ನಾನು ಮದ್ರಸಾದಲ್ಲಿ ಓದಿದವನು, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದವನು. ಭೌತಶಾಸ್ತ್ರ ನನ್ನ ವಿಷಯವಲ್ಲ. ಆದರೂ ಮಕ್ಕಳ ಮುಂದೆ ಹೇಳಿದ ಮಾತನ್ನು ತಿದ್ದಬೇಕಾದರೆ ಮೊದಲು ನಾನು ತಿಳಿಯಬೇಕಲ್ಲ? ಪರಿಚಯದ ಒಬ್ಬ ಕಾಲೇಜು ಅಧ್ಯಾಪಕರ ಬಳಿ ಕುಳಿತೆ. ಅವರು ಮೊದಲು ನನ್ನನ್ನು ಗೋಕಾಕ ಜಲಪಾತಕ್ಕೆ ಒಯ್ದರು, ಬರೀ ಮಾತಿನಲ್ಲಿ.

ಮಳೆಗಾಲದಲ್ಲಿ ಘಟಪ್ರಭೆ ಅಲ್ಲಿ ಸುಮಾರು 170 ಅಡಿ ಕೆಳಗೆ ಧುಮುಕುವುದನ್ನು ನೀವು ನೋಡಿರಬಹುದು. ಜಲಪಾತದಿಂದ ಬಹಳ ಮೇಲೆ ನೀರು ನಿಧಾನ. ಮೀನು ಬೇಕಾದ ಕಡೆ ಈಜುತ್ತದೆ. ಅಂಚಿಗೆ ಹತ್ತಿರವಾದಂತೆ ಸೆಳವು ಹೆಚ್ಚು. ಎಲ್ಲೋ ಒಂದು ಕಡೆ ಸೆಳವು ಮೀನಿನ ವೇಗಕ್ಕೆ ಸಮವಾಗುತ್ತದೆ. ಅಲ್ಲಿಂದ ಒಂದು ಗೇಣು ಮುಂದೆ ಹೋದರೆ ಮೀನು ಎಷ್ಟೇ ಹಿಂದಕ್ಕೆ ಈಜಿದರೂ ಕೆಳಗೇ ಹೋಗುತ್ತದೆ. ಕಪ್ಪುಕುಳಿಯ ಬಳಿ ಬೆಳಕೇ ಆ ಮೀನು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕೂ ಹಿಂದಿರುಗಲಾರದ ಗಡಿಗೆ ಘಟನಾ ದಿಗಂತ ಎನ್ನುತ್ತಾರೆ. ನೀರಿನಲ್ಲಿ ಅಲ್ಲೊಂದು ಗೆರೆ ಎಳೆದಿರುವುದಿಲ್ಲ, ಬೋರ್ಡು ಇರುವುದಿಲ್ಲ. ದೊಡ್ಡ ಕಪ್ಪುಕುಳಿಯಾದರೆ ದಾಟಿದವನಿಗೆ ದಾಟಿದ್ದೇ ತಿಳಿಯದು.

ಅದು ರಂಧ್ರವೂ ಅಲ್ಲ, ಬಾವಿಯೂ ಅಲ್ಲ. ಅತಿಯಾದ ಭಾರ ಅತಿ ಚಿಕ್ಕ ಜಾಗಕ್ಕೆ ಕುಸಿದಿರುವ ಸ್ಥಿತಿ. ನಮ್ಮ ಭೂಮಿಯನ್ನು ಮಕ್ಕಳಾಡುವ ಗೋಲಿಯ ಗಾತ್ರಕ್ಕೆ ಹಿಂಡಿದರೆ ಅದೂ ಕಪ್ಪುಕುಳಿಯಾಗುತ್ತದೆ. ಚಿತ್ರದಲ್ಲಿ ಕಂಡದ್ದು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ್ದು, ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ನಮಗೆ ತಿಳಿದಿರುವ ಅತಿ ಹತ್ತಿರದ ಕಪ್ಪುಕುಳಿಯೂ 1,500 ಜ್ಯೋತಿರ್ವರ್ಷಕ್ಕಿಂತ ಆಚೆ ಇದೆ. ಅದು ಹೀರುವ ಯಂತ್ರವೂ ಅಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇದ್ದಿದ್ದರೆ ನಾವು ಚಳಿಯಲ್ಲಿ ಸಾಯುತ್ತಿದ್ದೆವೇ ಹೊರತು ಭೂಮಿ ಅದರೊಳಗೆ ಬೀಳುತ್ತಿರಲಿಲ್ಲ, ಸುತ್ತುತ್ತಲೇ ಇರುತ್ತಿತ್ತು.

ಹೊರಗಿನ ಸಂಗತಿ ಇಷ್ಟು. ಒಳಗಿನದನ್ನು ತಿಳಿಯುವುದು ಹೇಗೆ?

ಇಲ್ಲಿ ನಮ್ಮ ಕನ್ನಡ ನೆಲದ ಒಬ್ಬರ ಹೆಸರು ಬರುತ್ತದೆ. ನಾನು ಅದನ್ನು ಮೊದಲ ಬಾರಿ ಕೇಳಿದ್ದು ಆ ಅಧ್ಯಾಪಕರ ಬಾಯಲ್ಲೇ, ನಾಚಿಕೆಯಾಯಿತು. ಸಿ. ವಿ. ವಿಶ್ವೇಶ್ವರ, 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಬೆರಳಿನಿಂದ ಬಡಿದು ನೋಡುತ್ತಾರಲ್ಲ, ಟಣ್ ಎಂದರೆ ಗಟ್ಟಿ, ಇಲ್ಲದಿದ್ದರೆ ಸೀಳು. ವಿಶ್ವೇಶ್ವರರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ, ಲೆಕ್ಕದಲ್ಲಿ. ಕಪ್ಪುಕುಳಿಯೆಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ಬಹಳ ವಿಜ್ಞಾನಿಗಳಿಗೆ ಸಂಶಯವಿದ್ದ ಕಾಲದಲ್ಲಿ, ಅದರ ಮೇಲೆ ಗುರುತ್ವದ ಅಲೆಯನ್ನು ಬಿಟ್ಟರೆ ಏನಾಗುತ್ತದೆಂದು ಗುಣಿಸಿದರು. ಕಪ್ಪುಕುಳಿ ಒಡೆಯುವುದಿಲ್ಲ, ಬಡಿದ ಗಂಟೆಯಂತೆ ಮಿಡಿದು, ಬೇಗನೆ ಸುಮ್ಮನಾಗುತ್ತದೆ ಎಂದು 1970ರಲ್ಲಿ ಪ್ರಕಟಿಸಿದರು.

ಆ ಮಿಡಿತ ಕೇಳಿಸಲು 45 ವರ್ಷ ಬೇಕಾಯಿತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾದ ಅಲೆಯನ್ನು ಹಿಡಿದವು. ಒಂದು ಸುಮಾರು 36 ಸೂರ್ಯರ ತೂಕ, ಇನ್ನೊಂದು 29. ಉಳಿದದ್ದು 62. ಮೂರು ಸೂರ್ಯರಷ್ಟು ವಸ್ತು ಬರೀ ಅಲೆಯಾಗಿ ಹರಡಿಹೋಯಿತು. ಅಲೆಯ ಕೊನೆಯಲ್ಲಿ ಗಡಿಗೆಯ ಆ ಟಣ್ ಇತ್ತು. 2016ರ ಫೆಬ್ರವರಿಯಲ್ಲಿ ಇದು ಪ್ರಕಟವಾದಾಗ ವಿಶ್ವೇಶ್ವರರು ಇನ್ನೂ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಅಂಥದೇ ಯಂತ್ರವೊಂದನ್ನು ನೆರೆಯ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಆದರೆ ಗಡಿಗೆಯ ದನಿ ಕಪ್ಪುಕುಳಿಯ ತೂಕವನ್ನೂ ತಿರುಗುವ ವೇಗವನ್ನೂ ಮಾತ್ರ ಹೇಳುತ್ತದೆ. ಒಳಗೆ ಬಿದ್ದದ್ದು ಕಬ್ಬಿಣವೋ ಕಬ್ಬೋ ಎಂದು ಹೇಳುವುದಿಲ್ಲ. ಒಳಗಿನದಕ್ಕೆ ಲೆಕ್ಕವಷ್ಟೇ ದಾರಿ. ಗಡಿ ದಾಟಿದ ಮೇಲೆ ನಡು ಎಂಬುದು ಒಂದು ಜಾಗವಾಗಿ ಉಳಿಯುವುದಿಲ್ಲವಂತೆ. ನಮಗೆ ನಾಳೆ ಹೇಗೋ ಹಾಗೆ, ತಪ್ಪಿಸಿಕೊಳ್ಳಲಾಗದೆ ಬರುವ ಕ್ಷಣವಾಗುತ್ತದೆ. ಈ ಮಾತು ಅರಗಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಅಂಥ ಕೊನೆ ಇದ್ದೇ ಇರುತ್ತದೆಂದು ರೋಜರ್ ಪೆನ್ರೋಸ್ 1965ರಲ್ಲಿ ಸಾಧಿಸಿದರು. ನಮ್ಮ ಕಲ್ಕತ್ತೆಯ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಕೊಟ್ಟ ಸಮೀಕರಣ ಅದಕ್ಕೆ ದಾರಿ ಮಾಡಿತ್ತು. ಪೆನ್ರೋಸರಿಗೆ 2020ರಲ್ಲಿ ನೊಬೆಲ್ ಬಂತು. ಆದರೆ ಆ ಕೊನೆಯಲ್ಲಿ ಏನಾಗುತ್ತದೆಂದು ಕೇಳಿದರೆ ಐನ್‌ಸ್ಟೀನರ ಸಮೀಕರಣಗಳು ಅಲ್ಲಿಗೇ ಕೈ ಚೆಲ್ಲುತ್ತವೆ. ಆಚೆ ಇನ್ನೊಂದು ವಿಶ್ವಕ್ಕೆ ದಾರಿ ಇದೆಯೇ? 1935ರಲ್ಲಿ ಐನ್‌ಸ್ಟೀನ್ ಮತ್ತು ರೋಸೆನ್ ಲೆಕ್ಕದಲ್ಲಿ ಒಂದು ಸೇತುವೆ ಕಂಡರು. 1962ರಲ್ಲಿ ಫುಲ್ಲರ್ ಮತ್ತು ವೀಲರ್ ನೋಡಿದರೆ, ಬೆಳಕು ದಾಟುವುದರೊಳಗೆ ಆ ಸೇತುವೆ ಕಡಿದುಹೋಗುತ್ತದೆ. ಸಿನಿಮಾದವರು ಇದನ್ನು ಹೇಳುವುದಿಲ್ಲ.

ಮದ್ರಸಾದಲ್ಲಿ ನಾನೇ ಓದಿದ ಒಂದು ಪ್ರಸಂಗ ಆಗ ನೆನಪಾಯಿತು. ದೂರದಿಂದ ಹತ್ತಾರು ಪ್ರಶ್ನೆ ಹೊತ್ತು ಬಂದವನಿಗೆ ಇಮಾಮ್ ಮಾಲಿಕರು ಬಹುಪಾಲು ಪ್ರಶ್ನೆಗಳಿಗೆ ತಮಗೆ ಗೊತ್ತಿಲ್ಲ ಎಂದೇ ಉತ್ತರಿಸಿದರಂತೆ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆ. ಆ ವೀಡಿಯೊದ ವಿಷಯವೂ ಹಾಗೆಯೇ. ಅಲ್-ವಾಕಿಆ ಅಧ್ಯಾಯದಲ್ಲಿ ನಕ್ಷತ್ರಗಳ ಸ್ಥಾನಗಳ ಮೇಲೆ ಆಣೆ ಇರುವುದು ನಿಜ. ಹಳೆಯ ವ್ಯಾಖ್ಯಾನಕಾರರು ಅದನ್ನು ನಕ್ಷತ್ರಗಳು ಮುಳುಗುವ ಎಡೆ ಎಂದಿದ್ದಾರೆ. ಕುರ್‌ಆನ್ ಕಂತುಕಂತಾಗಿ ಇಳಿದದ್ದಕ್ಕೆ ಸೂಚನೆ ಎಂದವರೂ ಇದ್ದಾರೆ. ಅದರ ಮೇಲೆ ಇಂದಿನ ವಿಜ್ಞಾನದ ಚೀಟಿ ಅಂಟಿಸಿದರೆ, ನಾಳೆ ವಿಜ್ಞಾನ ತನ್ನ ಮಾತು ಬದಲಿಸಿದಾಗ ನಾವು ಏನನ್ನು ಹರಿಯುತ್ತೇವೆ? ಜಹನ್ನಮ್ ಗೈಬ್‌ನ ವಿಷಯ. ಕಪ್ಪುಕುಳಿ ಲೆಕ್ಕದ ವಿಷಯ, ಲೆಕ್ಕ ಇನ್ನೂ ಮುಗಿಯದಿದ್ದರೂ. ಎರಡನ್ನೂ ಗಂಟು ಹಾಕಿದವನು ನಾನು.

ಮುಂದಿನ ವಾರ ಮಕ್ಕಳನ್ನು ಕೂರಿಸಿ ಹೇಳಿದೆ. "ಅವತ್ತ ನಾ ಹೇಳಿದ್ದು ತಪ್ಪು. ಅದರೊಳಗ ಏನೈತಿ ನನಗ ಗೊತ್ತಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಪೂರಾ ಗೊತ್ತಿಲ್ಲ. ಮನಷ್ಯಾರು ಸತ್ತು ಅಲ್ಲಿ ಹೋಗಂಗಿಲ್ಲ." ಕೆಲವರು ನಕ್ಕರು. ಆ ಹುಡುಗ ನಗಲಿಲ್ಲ. "ಖರೇನ ರೀ?" ಎಂದ. ಖರೇ ಎಂದೆ. ಅವನ ತಂದೆಗಾಗಿ ಎಲ್ಲರೂ ಸೇರಿ ದುಆ ಮಾಡಿದೆವು.

ಅಕ್ಟೋಬರಿನಲ್ಲಿ ಮೋಡ ಸರಿದ ಒಂದು ರಾತ್ರಿ ಇಶಾ ನಂತರ ಮಕ್ಕಳನ್ನು ಕಬ್ಬಿನ ಹೊಲದ ದಂಡೆಗೆ ಕರೆದೊಯ್ದೆ. ಉತ್ತರಕ್ಕೆ ದನಬ್ ಹೊಳೆಯುತ್ತಿತ್ತು. ಇಂಗ್ಲಿಷಿನವರು ಡೆನೆಬ್ ಎನ್ನುವ ಆ ಹೆಸರು ಅರಬಿಯ ಬಾಲ ಎಂಬ ಪದ. ಹಳೆಯ ಅರಬಿ ಖಗೋಳಜ್ಞರಿಗೆ ಆ ನಕ್ಷತ್ರಪುಂಜ ಒಂದು ಕೋಳಿಯಾಗಿತ್ತು. ಕೋಳಿ ಬಾಲ ಎಂದೊಡನೆ ಮಕ್ಕಳು ಬಿದ್ದುಬಿದ್ದು ನಕ್ಕರು. ಆ ಕೋಳಿಯ ಕತ್ತಿನ ಕಡೆ ಬೆರಳು ತೋರಿಸಿದೆ. ಅಲ್ಲಿ ಸಿಗ್ನಸ್ ಎಕ್ಸ್-1 ಇದೆ, ವಿಜ್ಞಾನಿಗಳು ಕಪ್ಪುಕುಳಿ ಎಂದು ಒಪ್ಪಿದ ಮೊದಲನೆಯದು, ಏಳು ಸಾವಿರ ಜ್ಯೋತಿರ್ವರ್ಷದಾಚೆ. ಕಣ್ಣಿಗೆ ಏನೂ ಕಾಣದು. ಹುಡುಗ ಮಾತ್ರ ಬಹಳ ಹೊತ್ತು ನೋಡುತ್ತ ನಿಂತಿದ್ದ.

ಅವನೀಗ ಹೈಸ್ಕೂಲು ಮುಗಿಸುವ ವಯಸ್ಸಿನ ಹುಡುಗ. ಮೊನ್ನೆ ದಾರಿಯಲ್ಲಿ ಸಿಕ್ಕು ಸಲಾಮ್ ಹೇಳಿ ನಿಂತ. ಕಪ್ಪುಕುಳಿಯೂ ಬಹಳ ನಿಧಾನವಾಗಿ ಆವಿಯಾಗುತ್ತದೆಂದು ಹಾಕಿಂಗ್ 1974ರಲ್ಲಿ ಹೇಳಿದ್ದನ್ನು ಎಲ್ಲೋ ಓದಿದ್ದನಂತೆ. "ಹಜರತ್, ಹಂಗಾರ ಒಳಗ ಬಿದ್ದದ್ದರ ಲೆಕ್ಕ ಎಲ್ಲಿ ಹೋಗತೈತ್ರಿ?"

"ಗೊತ್ತಿಲ್ಲೋ ತಮ್ಮಾ" ಎಂದೆ. ಆ ಅಧ್ಯಾಪಕರ ನಂಬರ್ ಕೊಟ್ಟು ಕಳಿಸಿದೆ.